ಲೈವಿನಲ್ಲಿ ಸೇರು ಒದ್ದದ್ದು

ಫೆಬ್ರವರಿಯ ಎರಡನೇ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಲೈವ್ ಶುರುವಾಯಿತು. ಹನ್ನೊಂದಕ್ಕೇ ಆಗಬೇಕಿತ್ತು. ಆ ಏಳು ನಿಮಿಷ ಚಿಕ್ಕಪ್ಪ ತಲೆ ಬಾಚಿಕೊಳ್ಳುತ್ತಿದ್ದ. ಅವನ ತಲೆಯಲ್ಲಿ ಈಗ ಉಳಿದಿರುವ ಕೂದಲಿಗೆ ಏಳು ನಿಮಿಷ ಹೆಚ್ಚಾಯಿತೆಂದು ಅವತ್ತೇ ದಿನಚರಿಯಲ್ಲಿ ಬರೆದಿದ್ದೇನೆ.

ಇದೆಲ್ಲ ಇವತ್ತು ನೆನಪಾದದ್ದು ಆ ಸ್ಟ್ಯಾಂಡಿನಿಂದ. ಫೋನು ಸಿಕ್ಕಿಸಿ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಅದರ ನೆತ್ತಿಯ ಮೇಲೆ ದೊಡ್ಡ ಬಳೆಯಂಥ ದೀಪ. ಅಣ್ಣನ ಮದುವೆ ಮುಗಿದ ಮೇಲೆ ಅದು ಕಗ್ಗದಾಸಪುರದ ನಮ್ಮ ಮನೆಯ ತಾರಸಿ ಸೇರಿತು. ಅದರ ದೀಪದ ಬಳೆಗೆ ಅಮ್ಮ ಈಗ ಸಾಕ್ಸು ಒಣಹಾಕುತ್ತಾಳೆ. ಸಾಕ್ಸಿಗೆ ಗಾಳಿ ಸುತ್ತಲಿಂದಲೂ ಆಡುತ್ತದಂತೆ, ಇಂಥ ಒಳ್ಳೆಯ ಸಾಮಾನನ್ನು ಫೋನಿಗೆ ಬಳಸಿ ಹಾಳುಮಾಡುತ್ತಿದ್ದೆವಂತೆ. ಬೆಳಿಗ್ಗೆ ಸಾಕ್ಸು ತರಲು ಹೋದಾಗ ನೋಡಿದರೆ ಸ್ಟ್ಯಾಂಡಿನ ಒಂದು ಕಾಲಿನ ಸಂದಿಯಲ್ಲಿ ಅಕ್ಕಿ ಕಾಳೊಂದು ಸಿಕ್ಕಿಕೊಂಡಿತ್ತು. ಅದು ಯಾವ ಅಕ್ಕಿಯೆಂದು ನನಗೆ ಗೊತ್ತು. ಯಾರ ಯಾವ ಕಾಲು ಒದ್ದದ್ದರಿಂದ ಅಲ್ಲಿಗೆ ಹಾರಿತೆಂಬುದೂ ಗೊತ್ತು. ತೊಂದರೆ ಇರುವುದೇ ಅಲ್ಲಿ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನನ್ನ ಹೆಸರು ಪವಿತ್ರ. ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ಯಾರು ಎಷ್ಟು ಗಂಟೆಗೆ ಬರಬೇಕು, ಯಾರಿಗೆ ಯಾವ ಹಲ್ಲು ಎಂದು ಬರೆದಿಡುವುದು ನನ್ನ ಪಾಲಿನದು. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ನೀರಿನ ಟ್ಯಾಂಕರ್ ಬಂದ ದಿನ, ಬರುತ್ತೇನೆಂದು ಹೇಳಿ ಬಾರದ ದಿನ, ಅಮ್ಮ ಇನ್ನು ಮೇಲೆ ಈ ಮನೆಯಲ್ಲಿ ಮಾತೇ ಆಡುವುದಿಲ್ಲವೆಂದು ಶಪಥ ಮಾಡಿದ ಹೊತ್ತು, ಅದನ್ನು ಮುರಿದ ಹೊತ್ತು, ಎಲ್ಲಕ್ಕೂ ತಾರೀಖು ಹಾಕುತ್ತೇನೆ. ಅಣ್ಣ ನವೀನ ಹೇಳುವುದು ಹೀಗೆ: "ಚಿತ್ರಗುಪ್ತ ರಿಟೈರ್ ಆದ್ರೆ ಪೋಸ್ಟ್ ನಿಂಗೇ ಮಗಾ, ಇಂಟರ್‌ವ್ಯೂ ಕೂಡ ಇರಲ್ಲ."

ಇರಲಿ, ಫೋಟೋದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಅತಿ ಹಳೆಯ ಫೋಟೋ ಹಲಸೂರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರಲ್ಲಿ ಒಂದೇ ಥರದ ಲಂಗ ತೊಟ್ಟ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳು ನನ್ನಜ್ಜಿ ಮುನಿಯಮ್ಮ, ಇನ್ನೊಬ್ಬಳು ಅವಳ ಅಕ್ಕ, ನಮ್ಮೆಲ್ಲರ ದೊಡ್ಡಜ್ಜಿ. ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಕೆರೆ, ಕೆರೆಯಲ್ಲಿ ಬಾತುಕೋಳಿಯನ್ನು ಹೋಲುವ ಹಂಸ. ಸ್ಟುಡಿಯೋದ ಹೊರಗೆ ನಾಲ್ಕು ಹೆಜ್ಜೆ ಹಾಕಿದರೆ ಹಲಸೂರಿನ ನಿಜವಾದ ಕೆರೆಯೇ ಇತ್ತು. ಅದನ್ನು ಬಿಟ್ಟು ಬಟ್ಟೆಯ ಕೆರೆಯ ಮುಂದೆ ನಿಲ್ಲಿಸಿದ್ದಾರೆ. ಉಸಿರು ಬಿಗಿಹಿಡಿದು ಅಲ್ಲಾಡದೆ ನಿಲ್ಲಬೇಕೆಂದು ಸ್ಟುಡಿಯೋದವನು ಹೇಳಿದ್ದನಂತೆ. ಇಬ್ಬರಲ್ಲಿ ಒಬ್ಬಳು ಅಲ್ಲಾಡಿದ್ದಾಳೆ, ಆ ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಮಸುಕಾಗಿದೆ. ಅಲ್ಲಾಡಿದವಳು ಯಾರು? ಅಜ್ಜಿಯನ್ನು ಕೇಳಿದರೆ ಅಕ್ಕ ಎನ್ನುತ್ತಾಳೆ, ದೊಡ್ಡಜ್ಜಿಯನ್ನು ಕೇಳಿದರೆ ಮುನಿ ಎನ್ನುತ್ತಾಳೆ. ಇಬ್ಬರೂ ಮದುವೆಯಾಗಿ, ಹೆತ್ತು, ಮೊಮ್ಮಕ್ಕಳನ್ನು ಕಂಡರೂ ಈ ಒಂದು ವ್ಯಾಜ್ಯ ಮಾತ್ರ ಇತ್ಯರ್ಥವಾಗಿಲ್ಲ. ಸುಮ್ಮನೆ ಕಾಫಿ ಕುಡಿಯುತ್ತಾ ಕುಳಿತಿರುವಾಗ ಒಬ್ಬಳು "ಆವತ್ತು ನೀನು ನೆಟ್ಟಗೆ ನಿಂತಿದ್ರೆ…" ಎಂದು ಶುರುಮಾಡಿದರೆ ಮುಗಿಯಿತು, ಆಮೇಲೆ ಕಾಫಿಯನ್ನು ಮತ್ತೆ ಬಿಸಿ ಮಾಡಬೇಕಾಗುತ್ತದೆ.

ನಾನು ಚಿಕ್ಕವಳಿದ್ದಾಗ ಮದುವೆಗಳಲ್ಲಿ ವಿಡಿಯೋದವನು ಬರುತ್ತಿದ್ದ. ಹೆಗಲ ಮೇಲೆ ಅಕ್ಕಿ ಮೂಟೆಯಂಥ ಕ್ಯಾಮೆರಾ. ಅವನ ಹಿಂದೆಯೇ ಉರಿಯುವ ದೀಪ ಹಿಡಿದು ಒಬ್ಬ, ಆ ದೀಪದ ವೈರು ಹಿಡಿದು ಇನ್ನೊಬ್ಬ. ವೈರು ಹಿಡಿಯುತ್ತಿದ್ದವನು ನಮ್ಮ ಚಿಕ್ಕಪ್ಪ. ಆ ಅನುಭವದ ಬಲದ ಮೇಲೆ ಅವನು ಇವತ್ತಿಗೂ "ನಾನು ವಿಡಿಯೋ ಫೀಲ್ಡಲ್ಲಿದ್ದೋನು" ಎನ್ನುತ್ತಾನೆ. ಊಟದ ಪಂಕ್ತಿಗೆ ಆ ದೀಪ ಬಂದರೆ ಸಾಲಿನಲ್ಲಿ ಕುಳಿತವರೆಲ್ಲ ಅಗಿಯುವುದನ್ನು ನಿಲ್ಲಿಸಿ, ಕೆನ್ನೆಯಲ್ಲಿ ಲಾಡು ಇಟ್ಟುಕೊಂಡು ದೇವರಂತೆ ಕುಳಿತುಬಿಡುತ್ತಿದ್ದರು. ಕ್ಯಾಸೆಟ್ಟು ಬಂದ ಮೇಲೆ ಅದನ್ನು ಒಂದು ಸಲ ನೋಡಿ, ತಾವು ಎಲ್ಲಿ ಬಂದಿದ್ದೇವೆ ಎಂದು ಪತ್ತೆಮಾಡಿ, ಬೀರುವಿನೊಳಗೆ ಇಟ್ಟರೆ ಆಯಿತು. ಆಮೇಲೆ ಅದನ್ನು ನೋಡುತ್ತಿದ್ದುದು ಬೂಷ್ಟು ಮಾತ್ರ.

ಅಪ್ಪ ಮೊದಲ ಸಲ ಕ್ಯಾಮೆರಾ ಇರುವ ಫೋನು ತಂದಾಗ ನನ್ನ ಹುಟ್ಟುಹಬ್ಬದ ಫೋಟೋ ತೆಗೆದ. ಅದರಲ್ಲಿ ಕೇಕು ಯಾವುದು, ನಾನು ಯಾವುದು ಎಂಬುದನ್ನು ಮೇಣದಬತ್ತಿ ನೋಡಿ ಹೇಳಬೇಕು. ಆದರೆ ಈಗ ಯೋಚಿಸಿದರೆ ಆ ಮಸುಕಿಗೂ ಒಂದು ಮರ್ಯಾದೆ ಇತ್ತು. ಯಾರ ಮುಖದ ಮೊಡವೆಯೂ ಕಾಣುತ್ತಿರಲಿಲ್ಲ, ಯಾರ ಸೀರೆಯ ಕಲೆಯೂ ಕಾಣುತ್ತಿರಲಿಲ್ಲ. ಎಲ್ಲರೂ ಸುಮಾರಾಗಿ ಚೆನ್ನಾಗಿದ್ದರು.

ಈಗ ಹಾಗಿಲ್ಲ. ಮೂರು ಕಣ್ಣು ಇದ್ದದ್ದು ಶಿವನೊಬ್ಬನಿಗೆ, ಈಗ ಚಿಕ್ಕಪ್ಪನ ಫೋನಿಗೂ ಇದೆ. ಅದೂ ಸುಲಭ ಕಂತಿನಲ್ಲಿ. ಮೊದಲು ಮದುವೆಮನೆಗೆ ಮೂರು ಜನ ಹೊತ್ತು ತರುತ್ತಿದ್ದ ಸಾಮಾನು ಈಗ ಅವನ ಅಂಗಿಯ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕ ಕುಳಿತಿರುತ್ತದೆ. ವೈರಿಲ್ಲ, ದೀಪವಿಲ್ಲ, ಕತ್ತಲಲ್ಲೂ ಇರುವೆಯ ಮೀಸೆ ಕಾಣುತ್ತದೆ. ಇಂಥದ್ದು ಕೈಗೆ ಸಿಕ್ಕಿದ ಮನುಷ್ಯ ಸುಮ್ಮನೆ ಫೋಟೋ ತೆಗೆದುಕೊಂಡು ಕೂರುತ್ತಾನೆಯೇ? ಚಿಕ್ಕಪ್ಪ ಎಲ್ಲವನ್ನೂ ಲೈವ್ ಮಾಡತೊಡಗಿದ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವುದು ಲೈವ್. ನಮ್ಮ ಬೆಕ್ಕು ಮರಿ ಹಾಕಿದ್ದು ಲೈವ್, ಅದರಿಂದ ಅವಮಾನವಾಗಿ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಎದುರು ಮನೆಗೆ ಹೋದದ್ದೂ ಲೈವ್. ಒಮ್ಮೆ ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅಲ್ಲಿಂದಲೇ ಲೈವ್ ಹಾಕಿದ. ಮೂವರು ನೋಡಿದರು, ಅದರಲ್ಲಿ ಇಬ್ಬರು ಅದೇ ಟ್ರಾಫಿಕ್ಕಿನಲ್ಲಿ ಇದ್ದವರು.

ನಾವೆಲ್ಲ ನಗುತ್ತಿದ್ದೆವು. ಅಣ್ಣನ ಮದುವೆ ಗೊತ್ತಾದಾಗ ಮಾತ್ರ ಚಿಕ್ಕಪ್ಪನ ಗ್ರಹಚಾರ ತಿರುಗಿತು. ದೊಡ್ಡಜ್ಜಿ ಸೊಂಟ ಮುರಿದುಕೊಂಡು ಜೋಗುಪಾಳ್ಯದ ತನ್ನ ಮಗನ ಮನೆಯಲ್ಲಿ ಮಲಗಿದ್ದಳು. ಎರಡನೇ ಮಹಡಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಬೇಕಾದರೆ ಮೊದಲು ಪರಿಚಯ ಮಾಡಿಕೊಳ್ಳಬೇಕು. ಜೋಗುಪಾಳ್ಯದಿಂದ ಕಗ್ಗದಾಸಪುರ ದೂರವೇನಲ್ಲ, ಆ ಮೆಟ್ಟಿಲೇ ದೂರ. ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆಂದು ಅಪ್ಪ ಹೇಳಿದ್ದಕ್ಕೆ ದೊಡ್ಡಜ್ಜಿ ಸಿಟ್ಟಾದಳು. "ಹೋದ್ವರ್ಷ ಹಳೇ ಸೋಫಾನ ಹಗ್ಗ ಕಟ್ಟಿ ಬಾಲ್ಕನಿಯಿಂದ ಬಿಟ್ರಲ್ಲಾ, ಹಂಗೆ ನನ್ನೂ ಬಿಡ್ರೋ. ಬೀದಿಯೋರೆಲ್ಲಾ ನೋಡ್ಲಿ."

ಆಗ ಚಿಕ್ಕಪ್ಪ ಎದೆ ಸೆಟೆಸಿ ಎದ್ದು ನಿಂತ. "ದೊಡ್ಡಮ್ಮ ಬರೋದು ಬೇಡ. ಮದ್ವೇನೇ ದೊಡ್ಡಮ್ಮನ ಹತ್ರ ಕಳಿಸ್ತೀನಿ."

ಸ್ಟ್ಯಾಂಡು ತರಲು ಅವನ ಜೊತೆ ಶಿವಾಜಿನಗರಕ್ಕೆ ಹೋದವಳು ನಾನೇ. ಅಂಗಡಿಯ ಭಾಯ್ ಸ್ಟ್ಯಾಂಡನ್ನು ಬಿಚ್ಚಿ, ದೀಪ ಹತ್ತಿಸಿ, ಚಿಕ್ಕಪ್ಪನ ಮುಖಕ್ಕೆ ಹಿಡಿದ. "ದೇಖೋ ಸಾಬ್, ಹೀರೋ! ಹತ್ತು ವರ್ಷ ಕಮ್ಮಿ ಆಗೋಯ್ತು." ಚಿಕ್ಕಪ್ಪ ಅಲ್ಲೇ ಕರಗಿಹೋದ. ನಾನು "ಗ್ಯಾರಂಟಿ ಇದೆಯಾ?" ಎಂದೆ. ಭಾಯ್ ನನ್ನನ್ನು ಕನಿಕರದಿಂದ ನೋಡಿದ. "ಮನುಷ್ಯಂಗೇ ಗ್ಯಾರಂಟಿ ಇಲ್ಲ ಅಮ್ಮಾ, ಸ್ಟ್ಯಾಂಡಿಗೆ ಕೇಳ್ತೀರಾ?"

ಮದುವೆ ಶನಿವಾರ ಛತ್ರದಲ್ಲಿ ಮುಗಿಯಿತು. ಭಾನುವಾರ ಬೆಳಿಗ್ಗೆ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಅತ್ತಿಗೆ ರೇಖಾ ಕೆ.ಆರ್. ಪುರದವಳು, ತವರಿನಲ್ಲಿ ತೆಲುಗು ಮಾತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರ ಮೇಲೊಂದು ಬೆಲ್ಲದಚ್ಚು. ಅದನ್ನು ಬಲಗಾಲಿನಿಂದ ಒದ್ದು, ಬಲಗಾಲಿಟ್ಟು ಒಳಗೆ ಬರಬೇಕು. ಎಡಗಾಲಿಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಆದರೆ ಮುಂದೆ ಹಾಲು ಒಡೆದರೂ, ಅಣ್ಣನಿಗೆ ನೆಗಡಿಯಾದರೂ, ಕರೆಂಟು ಹೋದರೂ ಕಾರಣ ಸಿದ್ಧವಾಗಿರುತ್ತದೆ. ನಮ್ಮ ಬೀದಿಯಲ್ಲೇ ಎಡಗಾಲಿಟ್ಟು ಬಂದ ಒಬ್ಬ ಸೊಸೆಗೆ ಈಗ ಮೊಮ್ಮಗ ಹುಟ್ಟಿದ್ದಾನೆ. ಮಳೆ ಬಂದು ಚರಂಡಿ ಉಕ್ಕಿದರೆ ಇವತ್ತಿಗೂ ಅವಳ ಕಡೆಯೇ ನೋಡುತ್ತಾರೆ.

ಚಿಕ್ಕಪ್ಪ ಸ್ಟ್ಯಾಂಡನ್ನು ಹಾಲಿನ ಮಧ್ಯೆ ಇಟ್ಟು, ಫೋನಿನ ಪರದೆಯನ್ನು ಬಾಗಿಲ ಕಡೆಗೆ ತಿರುಗಿಸಿದ. ಹಿಂದಿನ ಮೂರು ಕಣ್ಣು ಬಿಟ್ಟು ಮುಂದಿನ ಒಂದು ಕಣ್ಣನ್ನೇ ಆರಿಸಿಕೊಂಡದ್ದು ಯಾಕೆಂದರೆ, ಬಾಗಿಲ ಪಕ್ಕ ನಿಂತು ವಿವರಣೆ ಕೊಡುವ ತನ್ನನ್ನು ತಾನು ನೋಡಿಕೊಳ್ಳಬೇಕಿತ್ತು. ಬಾಗಿಲ ಮೇಲೆ ಒಳಗಡೆ ಥರ್ಮೊಕೋಲಿನಲ್ಲಿ ಕತ್ತರಿಸಿದ 'ನವೀನ ರೇಖಾ' ಎಂಬ ಅಕ್ಷರಗಳು. ಅವನು ಪರದೆ ನೋಡಿ ಗಾಬರಿಯಾದ.

"ಏ ಪವಿ, ಅಕ್ಷರ ಎಲ್ಲಾ ಉಲ್ಟಾ ಕಾಣ್ತಿದೆಯಲ್ಲೇ! ಜನ ನಗಲ್ವಾ?" ಎಂದು ಏನೇನೋ ಒತ್ತಿ, ಎದುರುಬದುರು ಕುಳಿತ ಎರಡು ತ್ರಿಕೋನಗಳ ಗುರುತೊಂದನ್ನು ಹುಡುಕಿ ಅದನ್ನೂ ಒತ್ತಿದ. ಪರದೆಯ ಮೇಲೆ ಅಕ್ಷರಗಳು ಸರಿಯಾದವು. "ಈಗ ನೋಡು ಗುರು. ಫೀಲ್ಡಲ್ಲಿದ್ದೋನು ಅಂದ್ರೆ ಸುಮ್ನೇನಾ?"

ನನಗೆ ಕೊಟ್ಟ ಕೆಲಸ, ಬಾಗಿಲಿಗೆ ಬೆನ್ನು ಮಾಡಿ ಪರದೆಯ ಎದುರು ನಿಂತು ಯಾರು ಯಾರು ಸೇರಿದರು, ಏನು ಬರೆದರು ಎಂದು ಓದಿ ಹೇಳುವುದು. ನೋಡುತ್ತಿರುವವರು ಹದಿನಾಲ್ಕು ಎಂದು ತೋರಿಸುತ್ತಿತ್ತು. ಹೊಸಕೋಟೆಯ ಅತ್ತೆ ಬರೆದಳು: "ಹುಡುಗಿ ಕಡೆಯೋರಿಗೋಸ್ಕರ ಬೋರ್ಡು ತೆಲುಗಲ್ಲಿ ಬರ್ಸಿದೀರಾ, ತುಂಬಾ ಸಂತೋಷ." ಓದಿ ಹೇಳಿದೆ. ಚಿಕ್ಕಪ್ಪ ಕ್ಯಾಮೆರಾ ಕಡೆ ಕೈಮುಗಿದು "ಥ್ಯಾಂಕ್ಸ್ ಅಕ್ಕಾ" ಎಂದ. ಅತ್ತೆ ಏನು ಹೇಳುತ್ತಿದ್ದಾಳೆಂದು ಅವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ರೇಖಾ ಹೊಸ್ತಿಲಿಗೆ ಬಂದಳು. ಹಿಂದಿನ ರಾತ್ರಿಯ ನಿದ್ದೆಯಿಲ್ಲ, ಮೈಮೇಲೆ ಹೊರಲಾರದಷ್ಟು ಸೀರೆ. ಅಂಗಳದಿಂದ ಮೂವತ್ತು ಗಂಟಲು ಒಟ್ಟಿಗೆ "ಬಲಗಾಲು, ಬಲಗಾಲು" ಎಂದು ಕೂಗಿದವು. ಆ ಗಲಾಟೆಯಲ್ಲಿ ಬಲ ಯಾವುದು ಎಡ ಯಾವುದು ಎಂದು ಯಾರಿಗೆ ಹೊಳೆಯುತ್ತದೆ? ಬಾಗಿಲ ಪಕ್ಕದಿಂದ ಅವಳತ್ತ ಎದುರುಮುಖವಾಗಿ ತಿರುಗಿದ ಚಿಕ್ಕಪ್ಪ ತನ್ನ ಬಲಗಾಲನ್ನು ಎತ್ತಿ ಗಾಳಿಗೆ ಒದ್ದು ತೋರಿಸಿದ. "ನೋಡಮ್ಮಾ, ಹಿಂಗೆ, ಈ ಕಡೆ ಕಾಲು!"

ಸೇರು ಉರುಳಿತು. ಅಕ್ಕಿ ಸ್ಟ್ಯಾಂಡಿನ ತನಕ ಹಾರಿತು. ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಜ್ಜಿ ಕಿರುಚಿದಳು: "ಅಯ್ಯೋ ಶಿವನೇ! ಎಡಗಾಲು ಮಡಗ್ಬುಟ್ಲು!"

ವಾಲಗದವನು ಕೂಡ ನಿಲ್ಲಿಸಿಬಿಟ್ಟ. ಅಪ್ಪನ ಫೋನು ಹೊಡೆದುಕೊಂಡಿತು. ದೊಡ್ಡಜ್ಜಿ. ಅಪ್ಪ ಸ್ಪೀಕರ್ ಹಾಕಿದ.

"ಯಾವಳೇ ಅದು ಎಡಗಾಲು ಅಂದೋಳು? ಬಲಗಾಲೇ! ನಾನು ಕಣ್ಣಾರೆ ನೋಡ್ದೆ."

"ಅಕ್ಕಾ, ನಾನಿಲ್ಲಿ ಮೂರಡಿ ದೂರದಾಗೆ ನಿಂತಿವ್ನಿ!"

"ನಿಂತ್ರೇನು ಬಂತು? ನಿನ್ ಕಣ್ಣು ಯಾವತ್ತು ನೆಟ್ಟಗಿತ್ತು? ಆ ಫೋಟೋದಲ್ಲೂ ಅಲ್ಲಾಡ್ದೋಳು ನೀನೇ."

ಸಾಕ್ಷಿ ಹುಡುಕಿದರು. ನಾನು ಬೆನ್ನು ತಿರುಗಿಸಿ ತಲೆ ಎಣಿಸುತ್ತಿದ್ದೆ. ಅಣ್ಣ ಕ್ಯಾಮೆರಾ ನೋಡಿ ಹಲ್ಲು ಬಿಡುತ್ತಿದ್ದ. ಚಿಕ್ಕಪ್ಪ ಆಗಲೇ ಪರದೆಯ ಕಡೆ ತಿರುಗಿ ತನ್ನನ್ನು ನೋಡಿಕೊಳ್ಳುತ್ತಿದ್ದ. ಅಂಗಳದಲ್ಲಿದ್ದವರೆಲ್ಲ ಫೋನು ಎತ್ತಿ ಹಿಡಿದಿದ್ದರು, ಆದರೆ ಅವರ ಫೋನುಗಳಲ್ಲಿ ಇದ್ದದ್ದು ರೇಖಾಳ ಜಡೆ, ಜಡೆಯ ಹೂವು, ಮುಂದೆ ನಿಂತವರ ಫೋನು. ಬಾಡಿಗೆಯ ಫೋಟೋಗ್ರಾಫರ್ ಇನ್ನೂ ಟ್ರಾಫಿಕ್ಕಿನಲ್ಲಿದ್ದ. ಇಡೀ ಜಗತ್ತಿನಲ್ಲಿ ಆ ಕಾಲನ್ನು ನೋಡಿದೆನೆಂದು ಹೇಳುವವರು ಇಬ್ಬರೇ ಎಂದಾಯಿತು, ಇಬ್ಬರೂ ಆ ಹಳೆಯ ಫೋಟೋದ ಹುಡುಗಿಯರು.

ಚಿಕ್ಕಪ್ಪ ಲೈವ್ ಮುಗಿಸಿ ರೆಕಾರ್ಡಿಂಗ್ ತೆಗೆದ. ಎರಡು ಬೆರಳಿನಿಂದ ಹಿಗ್ಗಿಸಿದ. ಪರದೆಯ ತುಂಬ ಒಂದು ಸೇರು, ಒಂದು ಕಾಲು. ಕಾಲುಂಗುರದ ಹೊಳಪೂ ಕಾಣುತ್ತಿತ್ತು. ಬಲಗಾಲು. ಅನುಮಾನವೇ ಇಲ್ಲ.

"ಎಚ್‌ಡಿ ಅಮ್ಮಾ ಇದು, ಎಚ್‌ಡಿ. ಇದು ಸುಳ್ಳು ಹೇಳಲ್ಲ," ಎಂದ ಅವನು, ತಾನೇ ಆ ಕಾಲನ್ನು ಹೆತ್ತವನ ಹಾಗೆ.

ಅಜ್ಜಿ ಫೋನನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಆರತಿ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋದಳು.

ಇಲ್ಲಿಗೆ ಎಲ್ಲರೂ ಇದನ್ನು ನಕ್ಕು ಮರೆತರು. ಅಜ್ಜಿ ಮರೆಯಲಿಲ್ಲ. ಕಳೆದ ವರ್ಷ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಅದಾದ ಮೇಲೆ ಅವಳ ಜಂಬ ತಡೆಯುವ ಹಾಗಿರಲಿಲ್ಲ. ತಾರಸಿಯಲ್ಲಿ ನಿಂತು ಎದುರು ಮನೆಯಲ್ಲಿ ಯಾವ ಬೇಳೆ ಸಾರು ಎಂದು ಹೇಳುತ್ತಿದ್ದಳು. ಆ ಭಾನುವಾರದ ಮೇಲೆ ಅವಳು ಅಕ್ಕಿ ಆರಿಸುವುದನ್ನು ಬಿಟ್ಟಳು. ಹೂ ಕಟ್ಟುವುದನ್ನು ಬಿಟ್ಟಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದಳು. ಎದುರಿಗೆ ಬಂದವರನ್ನೂ "ಯಾರು, ಪವೀನಾ?" ಎಂದು ಕೇಳತೊಡಗಿದಳು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗೋಡೆಯ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನ ತನಕ ಓದಿದಳು. "ಅಜ್ಜಿ, ನನಗಿಂತ ನಿಮ್ಮ ಕಣ್ಣೇ ಚೆನ್ನಾಗಿದೆ," ಎಂದರು.

"ಡಾಕ್ಟ್ರಿಗೇನು ಗೊತ್ತು," ಎಂದಳು ಅಜ್ಜಿ ಆಟೋದಲ್ಲಿ. "ಎಚ್‌ಡಿಯಾಗೇ ಬಂದೈತೆ. ಬಲಗಾಲು ನಂಗೆ ಎಡಗಾಲು ಕಂಡ್ತು ಅಂದ್ರೆ, ಇನ್ನೇನೇನು ತಪ್ಪು ಕಾಣ್ತಾ ಐತೋ."

ಮಾಡದ ತಪ್ಪಿಗೆ ಹೊಸ ಹುಡುಗಿಯ ಮೇಲೆ ಗೂಬೆ ಕೂರಿಸಿದೆನಲ್ಲಾ ಎಂಬ ಸಂಕಟ ಅಜ್ಜಿಗೆ ಬೇರೆ. ಮನೆಯ ಮೊದಲ ದೋಸೆ ಈಗ ರೇಖಾಳ ತಟ್ಟೆಗೆ. ಆ ದೋಸೆಯನ್ನು ಅತ್ತಿಗೆ ತಲೆ ತಗ್ಗಿಸಿ ತಿನ್ನುತ್ತಿದ್ದಳು. ನಾಚಿಕೆ ಎಂದುಕೊಂಡೆ.

ನಿಜ ಗೊತ್ತಾದದ್ದು ಕ್ಲಿನಿಕ್ಕಿನಲ್ಲಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಲ್ಲಿನ ನಕ್ಷೆಯಲ್ಲಿ ಬಲದ ದವಡೆಯನ್ನು ಎಡವೆಂದು ಗುರುತು ಹಾಕಿದ್ದಳು. ಡಾಕ್ಟರು ನೋಡಿ ಬೆಚ್ಚಿದರು: "ಎದುರಿಗೆ ಕೂತಿರೋರ ಬಲ ನಿನ್ನ ಎಡ ಕಣಮ್ಮಾ! ಸುಮ್ನೆ ಇದ್ದಿದ್ರೆ ಒಳ್ಳೇ ಹಲ್ಲು ಕಿತ್ತಿರ್ತಿದ್ದೆ."

ಆ ಮಾತು ಕೇಳಿದ್ದೇ ಚಿಕ್ಕಪ್ಪನ ಕಾಲು ನನ್ನ ಕಣ್ಣ ಮುಂದೆ ಬಂತು. ಎದುರಿಗೆ ನಿಂತು ಬಲಗಾಲೆತ್ತಿ "ಈ ಕಡೆ ಕಾಲು" ಎಂದಿದ್ದ. ಆ ಕಡೆಗೆ ಇದ್ದದ್ದು ಅವಳ ಎಡಗಾಲು. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಆ ರೆಕಾರ್ಡಿಂಗ್ ತೆರೆದೆ. ಈ ಸಲ ಹಿಗ್ಗಿಸದೆ ಪೂರ್ತಿ ನೋಡಿದೆ. ಬಾಗಿಲ ಮೇಲಿನ ಅಕ್ಷರಗಳು ತಿರುಗುಮುರುಗಾಗಿದ್ದವು. ಹೊಸಕೋಟೆ ಅತ್ತೆಯ ತೆಲುಗು ಅದೇ. ಅಣ್ಣನ ವಾಚು ಬಲಗೈಯಲ್ಲಿತ್ತು. ಎಲ್ಲ ಹೆಂಗಸರ ಸೆರಗೂ ಬಲಭುಜದ ಮೇಲಿತ್ತು. ಚಿಕ್ಕಪ್ಪ ಒತ್ತಿದ ಆ ತ್ರಿಕೋನಗಳು ಅವನ ಪರದೆಗೆ ಅಕ್ಷರಗಳನ್ನು ನೆಟ್ಟಗೆ ಮಾಡಿ, ನೋಡುವವರಿಗೆ ಇಡೀ ಮನೆಯನ್ನೇ ಕನ್ನಡಿಯೊಳಗೆ ಹಾಕಿ ಕಳಿಸಿದ್ದವು. ಅಂದರೆ ಎಚ್‌ಡಿಯಲ್ಲಿ ಕಂಡ ಬಲಗಾಲು ಎಡಗಾಲು. ಅಜ್ಜಿಯ ಕಣ್ಣು ಸರಿಯಾಗಿಯೇ ಇತ್ತು.

ಹೇಳಿದರೆ ಅಜ್ಜಿಗೆ ಕಣ್ಣು ಬರುತ್ತದೆ, ಅತ್ತಿಗೆಗೆ ಎಡಗಾಲು ಬರುತ್ತದೆ. ಹೇಳದಿದ್ದರೆ ಅತ್ತಿಗೆ ಬಚಾವು, ಅಜ್ಜಿ ಕಣ್ಣಿದ್ದೂ ಕುರುಡಿ. ಎಲ್ಲಕ್ಕೂ ಪಟ್ಟಿ ಮಾಡುವ ನನಗೆ ಇದಕ್ಕೆ ಯಾವ ಪಟ್ಟಿಯೂ ಹೊಳೆಯಲಿಲ್ಲ. ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಅತ್ತಿಗೆಗೆ ವಿಡಿಯೋ ತೋರಿಸಿದೆ.

"ನಂಗೊತ್ತು ಪವಿ," ಎಂದಳು. "ನನ್ ಕಾಲು ಅಲ್ವಾ? ಸೇರಿಗೆ ತಾಗಿ ಊದ್ಕೊಂಡಿದ್ದು ಎಡಗಾಲಿನ ಹೆಬ್ಬೆರಳೇ."

"ಮತ್ತೆ ಯಾಕೆ ಸುಮ್ನಿದ್ರಿ ಅತ್ತಿಗೆ?"

"ಎಚ್‌ಡಿಲಿ ಬಲಗಾಲು ಅಂತ ಬಂದ್ಮೇಲೆ, ಅಷ್ಟು ಜನ ಹೂಂ ಅಂದ್ಮೇಲೆ, ಊದ್ಕೊಂಡಿರೋ ಬೆರಳಿನ ಮೇಲೇ ಡೌಟ್ ಬಂತು ನಂಗೆ." ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. "ಅಜ್ಜಿ ಗೋಡೆ ಹಿಡ್ಕೊಂಡು ನಡೆಯೋದು ನೋಡಿದ್ರೆ ಆ ದೋಸೆ ಗಂಟಲಲ್ಲಿ ಇಳಿಯಲ್ಲ ಪವಿ."

ಮುಂದಿನ ಭಾನುವಾರ ಹೊಸ ಸೊಸೆಯನ್ನು ದೊಡ್ಡಜ್ಜಿಗೆ ತೋರಿಸಲು ನಾವಿಬ್ಬರೂ ಜೋಗುಪಾಳ್ಯಕ್ಕೆ ಹೋದೆವು. ದೊಡ್ಡಜ್ಜಿ ಮಂಚದಲ್ಲಿ ಒರಗಿ, ತಂಬಿಗೆಗೆ ಒರಗಿಸಿದ ಫೋನಿನಲ್ಲಿ ಯಾರೋ ಎಲ್ಲೋ ಸೀರೆ ಮಾರುವ ಲೈವ್ ನೋಡುತ್ತಿದ್ದಳು. ಅತ್ತಿಗೆ ಕಾಲಿಗೆ ಬಿದ್ದಳು. ದೊಡ್ಡಜ್ಜಿ ಅವಳ ಗಲ್ಲ ಹಿಡಿದೆತ್ತಿ, ಬೇರೇನೂ ಕೇಳದೆ, "ಒದ್ದ ತಕ್ಷಣ ಕುಂಟಿದ್ಯಲ್ಲಾ, ಎಡಗಾಲಿನ ಬೆರಳು ವಾಸಿ ಆಯ್ತಾ?" ಎಂದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಎಲ್ಲಾ ಹೆಂಗಸ್ರೂ ಸೆರಗನ್ನ ಬಲಕ್ಕೆ ಹಾಕ್ಕೊಂಡು ಮೆರೀತಿದ್ರು. ನಿಮ್ಮಜ್ಜಿ ಆರತಿ ತಟ್ಟೇನ ಎಡಗೈಲಿ ಎತ್ತಾಳಾ? ಸತ್ರೂ ಎತ್ತಲ್ಲ. ದಿನಾ ಕನ್ನಡೀಲಿ ಮುಖ ನೋಡ್ಕೊಳ್ಳೋಳಿಗೆ ಅಷ್ಟು ಗೊತ್ತಾಗಲ್ವೇನೇ?"

"ಹಂಗಾದ್ರೆ ಅವತ್ತು ಫೋನಲ್ಲಿ ಸುಳ್ಳು ಹೇಳಿದ್ರಾ ದೊಡ್ಡಜ್ಜಿ?"

"ಸುಳ್ಳೆಲ್ಲಿಂದ ಬಂತು? ಫೋನಲ್ಲಿ ಕಂಡಿದ್ದು ಹೇಳ್ದೆ." ಸೀರೆಯ ಲೈವನ್ನು ಆರಿಸಿದಳು. "ಮುನಿ ಒಂದು ಮಾತು ಸೋತ್ರೆ ಏನೂ ಆಗಲ್ಲ, ಅವಳಿಗೆ ಅಭ್ಯಾಸ ಐತೆ. ಹೆಣ್ಣುಮಗು ಬಾಗ್ಲಲ್ಲೇ ಸೋತ್ರೆ ಕೊನೇವರ್ಗೂ ಸೋತಂಗೆ."

ಅಜ್ಜಿ ಗೋಡೆ ಹಿಡಿದು ನಡೆಯುವುದನ್ನು ಅತ್ತಿಗೆ ಹೇಳಿದಳು. ದೊಡ್ಡಜ್ಜಿ ಹೊದಿಕೆಯ ಅಂಚನ್ನು ಮಡಚಿದಳು, ಬಿಡಿಸಿದಳು. "ಪೆದ್ದಿ," ಎಂದಳು ಕೊನೆಗೆ. "ಹೋಗಿ ಹೇಳ್ರೇ ಅವಳಿಗೆ. ಆದ್ರೆ ನಂಗೆ ಗೊತ್ತಿತ್ತು ಅಂತ ಮಾತ್ರ ಬಾಯಿ ಬಿಡ್ಬೇಡಿ. ಅಕ್ಕನೇ ಬೇಕೂಂತ ಸೋಲಿಸ್ದಳು ಅಂದ್ರೆ ತಡ್ಕೊಳ್ಳಲ್ಲ ಅದು."

ಮನೆಗೆ ಬಂದಾಗ ಅಜ್ಜಿ ಹಿತ್ತಲ ಬಾಗಿಲಲ್ಲಿ ಸುಮ್ಮನೆ ಕುಳಿತಿದ್ದಳು. ಅತ್ತಿಗೆ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಅಜ್ಜಿ, ನಿಮ್ ಕಣ್ಣು ಸರಿಯಾಗೇ ಇದೆ. ನಾನು ಅವತ್ತು ಇಟ್ಟಿದ್ದು ಎಡಗಾಲೇ. ಫೋನು ತಿರುಗಿಸಿ ತೋರಿಸಿದ್ದು."

ನಾನು ವಿಡಿಯೋ ತೋರಿಸಿ ಸೆರಗು, ವಾಚು, ಅಕ್ಷರ ಎಲ್ಲವನ್ನೂ ವಿವರಿಸಲು ಹೊರಟೆ. ಅಜ್ಜಿ ಕೈಯೆತ್ತಿ ನನ್ನನ್ನು ತಡೆದಳು. ಎದುರು ತಂತಿಯ ಮೇಲೆ ಕುಳಿತ ಕಾಗೆಯನ್ನು ದಿಟ್ಟಿಸಿದಳು. "ಕಾಗೆ," ಎಂದಳು. ಪಕ್ಕದ ಮನೆಯ ತಾರಸಿ ನೋಡಿದಳು. "ಹಪ್ಪಳ. ಅಕ್ಕಿ ಹಪ್ಪಳ. ಮೂಲೇದು ಇಲಿ ಕಡಿದೈತೆ." ಮುಖ ಅರಳಿತು. "ಸರಿಯಾಗೈತೆ ಕಣೇ! ನನ್ ಕಣ್ಣು ಸರಿಯಾಗೈತೆ!" ಎಂದು ಎಡಗಾಲಿಟ್ಟು ಬಂದ ಸೊಸೆಯನ್ನೇ ತಬ್ಬಿಕೊಂಡಳು.

ಆಮೇಲೆ ಶಾಸ್ತ್ರ ನೆನಪಾಯಿತು. ಸೇರು ಅಟ್ಟದ ಮೇಲಿತ್ತು. ಕೈಗೆ ಸಿಕ್ಕ ಕಾಫಿ ಲೋಟಕ್ಕೆ ಅಕ್ಕಿ ತುಂಬಿಸಿ ಹಿತ್ತಲ ಹೊಸ್ತಿಲ ಮೇಲಿಟ್ಟಳು. ಬೆಲ್ಲಕ್ಕೆ ಬದಲು ಒಂದು ಚಾಕೊಲೇಟು. ಅತ್ತಿಗೆಯನ್ನು ಹೊರಗೆ ನಿಲ್ಲಿಸಿ, ತಾನು ಎದುರಿಗೆ ನಿಲ್ಲದೆ ಪಕ್ಕಕ್ಕೆ ಬಂದು, ಬಗ್ಗಿ, ಅವಳ ಬಲಗಾಲನ್ನೇ ಮುಟ್ಟಿ ತೋರಿಸಿದಳು. "ಇದು. ಈ ಕಾಲು. ಒದಿ."

ಲೋಟದ ಸದ್ದಿಗೆ ಚಿಕ್ಕಪ್ಪ ಓಡಿ ಬಂದ, ಕೈ ಆಗಲೇ ಜೇಬಿನಲ್ಲಿತ್ತು. "ಏನ್ ನಡೀತಿದೆ ಇಲ್ಲಿ? ಲೈವ್ ಹಾಕ್ಲಾ?"

"ಫೋನ್ ಎತ್ತುದ್ರೆ ಒದೀತೀನಿ ನೋಡು!" ಎಂದಳು ಅಜ್ಜಿ.

ಅವನು ಹೋದ ಮೇಲೆ ಚೆಲ್ಲಿದ ಅಕ್ಕಿಯನ್ನು ಅಜ್ಜಿಯೇ ಬಳಿದಳು. ಅದರಲ್ಲಿದ್ದ ಕಲ್ಲುಗಳನ್ನು ಹೆಕ್ಕಿ ನಮಗೆ ಒಂದೊಂದಾಗಿ ತೋರಿಸಿದಳು. ಈಗ ಜೋಗುಪಾಳ್ಯಕ್ಕೆ ಫೋನು ಮಾಡಿಸಿ "ಅವತ್ತು ಗೆದ್ದೋಳು ನಾನು" ಎಂದು ಕೂಗುತ್ತಾಳೆಂದು ಕಾದೆ. ಜೀವಮಾನದಲ್ಲಿ ಅಕ್ಕನ ಮೇಲೆ ಅವಳಿಗೆ ಸಿಕ್ಕ ಇಷ್ಟು ಗಟ್ಟಿ ಪುರಾವೆ ಬೇರೊಂದಿಲ್ಲ. ಅಜ್ಜಿ ಮೊರವನ್ನು ಗೋಡೆಗೆ ಒರಗಿಸಿದಳು.

"ಅಕ್ಕಂಗೆ ಹೇಳ್ಬ್ಯಾಡ್ರಿ," ಎಂದಳು. "ಹೇಳುದ್ರೆ ಈ ಮಗಿನ ಕಾಲಿನ ಗುಟ್ಟು ಹೊರಗೆ ಬೀಳ್ತದೆ. ಪಾಪ, ಅಕ್ಕ ಮಂಚದ ಮೇಲೆ ಬಿದ್ಕೊಂಡೈತೆ. ತಾನೇ ಗೆದ್ದೆ ಅನ್ಕೊಂಡಿರ್ಲಿ ಬಿಡು."

ಹೀಗೆ, ಅಕ್ಕನಿಗೆ ಗೊತ್ತಿಲ್ಲವೆಂದು ತಂಗಿ ಸುಮ್ಮನಿದ್ದಾಳೆ, ತಾನು ಬೇಕೆಂದೇ ಸೋಲಿಸಿದ್ದು ತಂಗಿಗೆ ಗೊತ್ತಿಲ್ಲವೆಂದು ಅಕ್ಕ ಸುಮ್ಮನಿದ್ದಾಳೆ. ಎರಡೂ ಗೊತ್ತಿರುವ ನಾನು ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ ಇಲ್ಲಿ ಬರೆದಿದ್ದೇನೆ. ಇಬ್ಬರೂ ಇದನ್ನು ಓದುವ ಭಯವಿಲ್ಲ. ಅಜ್ಜಿ ಓದುವುದು ಕ್ಯಾಲೆಂಡರು, ದೊಡ್ಡಜ್ಜಿ ಈಗ ನೋಡುವುದು ಮಾತ್ರ. ಆದರೂ ಮುಂಜಾಗ್ರತೆಗೆ ಹೆಸರುಗಳನ್ನು ಬದಲಾಯಿಸಿದ್ದೇನೆ. ಕಾಲುಗಳನ್ನೂ ಬದಲಾಯಿಸಿರಬಹುದು, ಹೇಳಲಾರೆ.

ಕೊನೆಗೊಂದು ವಿಷಯ. ಆ ಲೈವನ್ನು ನೋಡುತ್ತಿದ್ದವರು ಹದಿನಾಲ್ಕು ಎಂದೆನಲ್ಲಾ, ಅದರಲ್ಲಿ ಹದಿಮೂರು ಜನ ಯಾರೆಂದು ನೆಂಟರ ಮನೆಮನೆಗೆ ಫೋನು ಮಾಡಿ ಖಚಿತಪಡಿಸಿಕೊಂಡಿದ್ದೇನೆ. ಒಬ್ಬರು ಸಿಗುತ್ತಿಲ್ಲ. ಅವರಿಗೆ ಹೆಸರಿನ ಜಾಗದಲ್ಲಿ ಒಂದು ಗುಲಾಬಿ ಹೂವು ಮಾತ್ರ ಇತ್ತು. ಸೇರು ಉರುಳಿದ ಕ್ಷಣಕ್ಕೆ ಸರಿಯಾಗಿ ಅವರಿಂದ ಒಂದು ಕೆಂಪು ಹೃದಯ ತೇಲಿ ಬಂತು. ಚಿಕ್ಕಪ್ಪನ ಬೋರ್‌ವೆಲ್ಲಿಗೂ ಅವರೇ ಹೃದಯ ಕಳಿಸಿದ್ದರಂತೆ. ಅವರು ಯಾರೆಂದು ಬಲ್ಲವರು, ಅಥವಾ ಖುದ್ದು ಅವರೇ, ದಯವಿಟ್ಟು ನನಗೆ ಬರೆಯಿರಿ. ಊರು ಬರೆಯಿರಿ, ಹೆಸರು ಬರೆಯಿರಿ, ಕಗ್ಗದಾಸಪುರದ ಬೋರ್‌ವೆಲ್ಲಿನಲ್ಲಿ ಅಂಥದ್ದೇನು ಕಂಡಿತೆಂದೂ ಬರೆಯಿರಿ. ಕಾಲು ಯಾವುದೆಂದು ಮಾತ್ರ ಬರೆಯಬೇಡಿ, ನಿಮಗೆ ಕಂಡಿರುವುದು ಬಲಗಾಲು. ನಮ್ಮ ಮನೆಗೆ ಬರುವ ಕಾಗದವನ್ನೆಲ್ಲ ಈಗ ಮೊದಲು ನೋಡುವವಳು ಅಜ್ಜಿ, ಅದೂ ಕನ್ನಡಕವಿಲ್ಲದೆ.